ಒಂದು ಜಿಪ್ಪಿನ ಜಾಗರಣೆ

ಪಕ್ಕದ ಕೋಣೆಯಲ್ಲಿ ನಮ್ಮ ಮನೆಯವರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ: “ಏನೂ ತೊಂದರೆಯಾಗಲಿಲ್ಲಪ್ಪಾ, ರಾತ್ರಿಯಿಡೀ ಮಗು ಒಂದು ಸಲವೂ ಅಳಲಿಲ್ಲ.” ಕ್ಯಾಂಪಿಂಗ್ ಮುಗಿಸಿ ಬಂದ ಮೂರು ದಿನಗಳಲ್ಲಿ ಈ ವಾಕ್ಯ ನನ್ನ ಕಿವಿಗೆ ಬೀಳುತ್ತಿರುವುದು ಇದು ಐದನೆಯ ಬಾರಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನನಗೆ ಮೈಯುರಿಯುವುದು ಅದಕ್ಕೇ. ನಡುರಾತ್ರಿ ಎಚ್ಚರಗೊಂಡು ಅಳಬೇಕಾದರೆ ಮಗು ಅದಕ್ಕೂ ಮೊದಲು ಮಲಗಿರಬೇಕಷ್ಟೆ? ನಮ್ಮ ಹನ್ನೊಂದು ತಿಂಗಳ ಮಗಳಿಗೆ ಅಂಥ ಅವಸರವೇನೂ ಇರಲಿಲ್ಲ. ಟೆಂಟಿನೊಳಗೆ ಕುಳಿತು, ನಿಂತು, ತೆವಳಿ, ಕೇಕೆ ಹಾಕಿ ಎರಡೂವರೆ ಗಂಟೆಯವರೆಗೆ ಪರಮಾನಂದದಲ್ಲಿದ್ದಳು. ಅಳುವ ಸ್ಥಿತಿಯಲ್ಲಿದ್ದವಳು ನಾನೊಬ್ಬಳೇ. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಮಗಳಿಗೆ ಆರು ತಿಂಗಳು ತುಂಬಿದಂದಿನಿಂದಲೇ ನಮ್ಮಲ್ಲಿ ಈ ವ್ಯಾಜ್ಯ ನಡೆಯುತ್ತಿತ್ತು. ಬೇಡವೆನ್ನಲು ನನ್ನ ಬಳಿ ಕಾರಣಗಳಿದ್ದವು, ಬೇಕೆನ್ನಲು ಅವರ ಬಳಿ ಉತ್ಸಾಹವಿತ್ತು. ಕಾರಣಕ್ಕೂ ಉತ್ಸಾಹಕ್ಕೂ ವಾದ ಬಿದ್ದರೆ ಮೊದಲು ಸುಸ್ತಾಗುವುದು ಕಾರಣವೇ. “ಮನುಷ್ಯಕುಲ ಸಾವಿರಾರು ವರ್ಷ ಬಯಲಿನಲ್ಲಿಯೇ ಮಕ್ಕಳನ್ನು ಸಾಕಲಿಲ್ಲವೇ?” ಎಂದು ಅವರು ಕೇಳಿದರು. “ಹಾಗಾದರೆ ಅದೇ ಮನುಷ್ಯಕುಲ ಆಮೇಲೆ ಗೋಡೆ, ಬಾಗಿಲು, ಚಾವಣಿ ಎಂದು ಒದ್ದಾಡಿದ್ದು ಏಕೆ?” ಎಂದು ನಾನು ಕೇಳಿದೆ. ಅಲ್ಲಿಂದ ಮುಂದೆ ಇಬ್ಬರೂ ಓದಲು ಕುಳಿತೆವು. ಗಂಡ ಹೆಂಡತಿ ಒಂದೇ ವಿಷಯವನ್ನು ಬೇರೆ ಬೇರೆ ಮೂಲೆಗಳಲ್ಲಿ ಕುಳಿತು ಓದತೊಡಗಿದರೆ ಅದು ಜ್ಞಾನಾರ್ಜನೆಯಲ್ಲ, ಶಸ್ತ್ರಾಭ್ಯಾಸ.

ಪ್ರತಿ 1000 ಮೀಟರ್ ಎತ್ತರಕ್ಕೆ ತಾಪಮಾನವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂದು ನಾನು ಹೇಳಿದೆ. ನಾವು ಹೋಗುವ ಜಾಗ ಮನೆಗಿಂತ 400 ಮೀಟರ್ ಮಾತ್ರ ಎತ್ತರದಲ್ಲಿದೆ, ಅಂದರೆ ಎರಡೂವರೆ ಡಿಗ್ರಿಯ ಮಾತು, ಅಷ್ಟಕ್ಕೆ ಯಾರಾದರೂ ಮನೆಯಲ್ಲಿ ಕೂರುತ್ತಾರೆಯೇ ಎಂದು ಅವರು ಗುಣಾಕಾರ ಮಾಡಿ ತೋರಿಸಿದರು. ಸಣ್ಣ ಮಕ್ಕಳಿಗೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಆದ್ದರಿಂದ ಅವರ ಮೈಯ ಶಾಖ ನಮ್ಮದಕ್ಕಿಂತ ಬೇಗ ಸೋರಿಹೋಗುತ್ತದೆ ಎಂದೆ. ಹಾಸುವ ಮ್ಯಾಟಿಗೆ ಆರ್-ವ್ಯಾಲ್ಯೂ ಎಂಬ ಅಂಕಿಯೊಂದಿರುತ್ತದೆ, ಅದು ದೊಡ್ಡದಾದಷ್ಟೂ ನಮ್ಮ ಶಾಖವನ್ನು ನೆಲ ಹೀರುವುದು ಕಡಿಮೆಯಾಗುತ್ತದೆ, ಎರಡು ಮ್ಯಾಟ್‌ಗಳನ್ನು ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡಿಕೊಳ್ಳುತ್ತವೆ ಎಂದು ಅವರು ಎರಡನೆಯ ಮ್ಯಾಟನ್ನೂ ತಂದಿಟ್ಟರು. ಚಳಿಯಾದರೆ ಸ್ಟೌವನ್ನು ಹತ್ತು ನಿಮಿಷ ಒಳಗಿಟ್ಟುಕೊಂಡರಾಯಿತು ಎಂದು ಅವರು ಬಾಯಿತಪ್ಪಿ ಅಂದ ದಿನ ಮಾತ್ರ ನನಗೆ ಸಂಪೂರ್ಣ ಜಯ ಸಿಕ್ಕಿತು. ಟೆಂಟಿನೊಳಗೆ ಉರಿಯುವ ಯಾವ ಒಲೆಯಿಂದಲೂ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಮಲಗಿದವರು ಮಲಗಿದಲ್ಲೇ ಉಳಿಯಬಹುದು ಎಂಬುದನ್ನು ನಾನು ಎಷ್ಟು ಹೊತ್ತು ಹೇಳಿದೆನೆಂದರೆ, ಅವರು ಮರುದಿನ ಅಡುಗೆಮನೆಯ ಕಿಟಕಿಯನ್ನೂ ತೆರೆದಿಟ್ಟರು.

ಹವಾಮಾನದ ವಿಷಯದಲ್ಲಂತೂ ಒಂದೇ ಮನೆಯಿಂದ ಎರಡು ವಿರುದ್ಧ ಪ್ರಾರ್ಥನೆಗಳು ಹೊರಟವು. ನಕ್ಷತ್ರಗಳು ಕಾಣಲಿ ಎಂದು ಅವರಿಗೆ ಶುಭ್ರವಾದ ಆಕಾಶ ಬೇಕಿತ್ತು. ಆಕಾಶ ಶುಭ್ರವಾಗಿದ್ದರೆ ರಾತ್ರಿ ನೆಲವು ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ಬೇಗನೆ ತಣ್ಣಗಾಗುತ್ತದೆ, ಮೋಡವಿದ್ದರೆ ಅದೇ ಹೊದಿಕೆಯಂತೆ ಕಾಯುತ್ತದೆ ಎಂದು ಓದಿದ್ದ ನಾನು ಮೋಡಕ್ಕಾಗಿ ಹಂಬಲಿಸಿದೆ. ಕೊನೆಗೆ ಒಪ್ಪಂದವಾಯಿತು. ಒಂದೇ ರಾತ್ರಿ, ಅರ್ಧ ಗಂಟೆಯಲ್ಲಿ ಮನೆಗೆ ಮರಳಬಹುದಾದಷ್ಟು ದೂರ, ಕಾರಿನ ಪಕ್ಕದಲ್ಲೇ ಟೆಂಟ್, ಮತ್ತು ಅದಕ್ಕೂ ಮೊದಲು ನಮ್ಮ ಹಾಲ್‌ನಲ್ಲಿ ಒಂದು ರಾತ್ರಿಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಮಗಳು ಟೆಂಟಿನೊಳಗೆ ಒಂಬತ್ತು ಗಂಟೆ ಕದಲದೆ ಮಲಗಿ, ತಂದೆಯ ಪಕ್ಷಕ್ಕೆ ಸಾಕ್ಷಿ ಹೇಳಿಬಿಟ್ಟಳು. ಹಾಲ್‌ನಲ್ಲಿ ಹವಾಮಾನವಿಲ್ಲ, ಆದ್ದರಿಂದ ಅದನ್ನು ನೋಡಲು ಅವರು ಜಿಪ್ ತೆರೆಯಬೇಕಾಗಿರಲಿಲ್ಲ ಎಂಬ ಮುಖ್ಯ ಅಂಶ ಆಗ ನನಗೆ ಹೊಳೆಯಲಿಲ್ಲ.

ಸಾಮಾನು ಕಟ್ಟಿದ ಕಥೆಯನ್ನು ಹೆಚ್ಚು ಎಳೆಯುವುದಿಲ್ಲ. ಒಂದು ರಾತ್ರಿಗೆಂದು ನಾನು 22 ಡೈಪರ್‌ಗಳನ್ನು ತುಂಬಿದ್ದೆ ಎಂಬುದು ನಿಜ, ಬಳಸಿದವುಗಳನ್ನು ಅಲ್ಲೆಲ್ಲೂ ಹೂಳದೆ ವಾಪಸು ತರಲು ಎರಡು ಚೀಲಗಳನ್ನು ಇಟ್ಟಿದ್ದೆ ಎಂಬುದೂ ನಿಜ. ಕುಡಿಯುವ ನೀರು ಒಂದು ನಿಮಿಷ ಕೊತಕೊತ ಕುದಿದರೆ ಸಾಕು, 2000 ಮೀಟರಿಗಿಂತ ಮೇಲಿದ್ದರೆ ಮಾತ್ರ ಮೂರು ನಿಮಿಷ ಎಂಬ ಸೂಚನೆಯನ್ನು ಅವರೇ ನನಗೆ ಓದಿ ಹೇಳಿದ್ದರೂ, ಅಲ್ಲಿ ನಾನು ಅವರಿಂದ ಐದು ನಿಮಿಷ ಕುದಿಸಿದೆ. ಅವರು ತಂದದ್ದು ನಾಲ್ವರ ಟೆಂಟ್. ನಾಲ್ವರು ಎಂದರೆ ಭುಜಕ್ಕೆ ಭುಜ ಹಚ್ಚಿ, ಕೈ ಮಡಚಿ, ಯಾವ ಅಭಿಪ್ರಾಯಭೇದವೂ ಇಲ್ಲದೆ ಮಲಗುವ ನಾಲ್ವರು ಎಂದರ್ಥ. ನಮ್ಮಂಥವರಾದರೆ ಇಬ್ಬರಿಗೇ ಅದು ಇಕ್ಕಟ್ಟು.

ಸಂಜೆ ಚೆನ್ನಾಗಿಯೇ ಕಳೆಯಿತು. ಮಗಳು ಹುಲ್ಲನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು, ಮತ್ತೆ ಮುಟ್ಟಿದಳು, ಒಂದು ಒಣ ಎಲೆಯ ಅರ್ಧ ಭಾಗವನ್ನು ರುಚಿ ನೋಡಿದಳು. ಉಳಿದರ್ಧವನ್ನು ನಾನು ಬೆರಳು ಹಾಕಿ ಹೊರತೆಗೆದೆ. ಏಳೂವರೆಗೆ ಅವಳಿಗೆ ಬೆಚ್ಚನೆಯ ಉಡುಪು ತೊಡಿಸಿ, ವರ್ಷ ತುಂಬದ ಮಕ್ಕಳ ಹಾಸಿಗೆಯಲ್ಲಿ ಸಡಿಲ ಹೊದಿಕೆ, ದಿಂಬುಗಳು ಇರಬಾರದಾದ್ದರಿಂದ ಮೈಗೇ ತೊಡಿಸುವ ಪುಟ್ಟ ಸ್ಲೀಪ್ ಸ್ಯಾಕಿನೊಳಗೆ ಇಳಿಸಿ, ಎಂಟರ ಹೊತ್ತಿಗೆ ರೆಪ್ಪೆ ಮುಚ್ಚುವ ಹಂತಕ್ಕೆ ತಂದಿದ್ದೆ. ಆಗ ಮೊದಲ ಜಿಪ್ ಕೇಳಿಸಿತು.

ಟೆಂಟಿಗೆ ಎರಡು ಪದರಗಳಿರುತ್ತವೆ. ಒಳಗಿನದು ಸೊಳ್ಳೆ ಬಾರದಂತೆ ಬಲೆ, ಹೊರಗಿನದು ಮಳೆ ಬೀಳದಂತೆ ಬಟ್ಟೆ. ಎರಡಕ್ಕೂ ಒಂದೊಂದು ಬಾಗಿಲು, ಬಾಗಿಲಿಗೊಂದು ಮಾರುದ್ದದ ಜಿಪ್. ಮನುಷ್ಯನೊಬ್ಬ ಹೊರಗೆ ಹೋಗಬೇಕಾದರೆ ಎರಡನ್ನೂ ತೆರೆಯಬೇಕು, ಸೊಳ್ಳೆಯ ಭಯವಿರುವುದರಿಂದ ಎರಡನ್ನೂ ಮುಚ್ಚಬೇಕು, ಬರುವಾಗ ಮತ್ತೆ ಇದೇ ವಿಧಿ. ಅಲ್ಲಿಗೆ ಎಂಟು. ಅವರ ಸ್ಲೀಪಿಂಗ್ ಬ್ಯಾಗಿನ ಜಿಪ್ಪನ್ನು ಬಿಚ್ಚಿದ್ದು ಒಂದು, ಹಾಕಿದ್ದು ಒಂದು ಸೇರಿದರೆ ಹತ್ತು. ಆ ರಾತ್ರಿ ಅವರು ಒಂಬತ್ತು ಸಲ ಹೊರಗೆ ಹೋಗಿಬಂದರು. ಅಂದರೆ 90 ಜಿಪ್‌ಗಳು. ನಾನು ಎಣಿಸಿದ್ದೇನೆ, ಎಣಿಸುವುದಕ್ಕೆ ನನಗೆ ಬೇಕಾದಷ್ಟು ಸಮಯವಿತ್ತು.

ಒಮ್ಮೆ ಗೂಟ ಸಡಿಲವಾಗಿದೆಯೇ ಎಂದು ನೋಡಲು ಹೋದರು. ಒಮ್ಮೆ ಕಾರಿಗೆ ಬೀಗ ಹಾಕಿದೆನೇ ಎಂದು, ಮತ್ತೊಮ್ಮೆ ಆ ಬೀಗದ ಕೈಯನ್ನು ಕಾರಿನ ಮೇಲೆಯೇ ಬಿಟ್ಟುಬಂದೆನೇ ಎಂದು. ಒಮ್ಮೆ ಮೋಡ ಸರಿಯಿತೇ ಎಂದು ನೋಡಲು ಹೋಗಿ, ಸರಿದಿದೆ ಎಂದು ಹೇಳಲು ಬಂದು, ನೀನೂ ಬಾ ಎಂದು ಕರೆದು, ನಾನು ಕತ್ತಲಿನಲ್ಲಿ ಯಾವ ಮುಖ ಮಾಡಿದೆನೆಂಬುದು ಕಾಣಿಸದಿದ್ದರೂ ಅರ್ಥವಾಗಿ, ಒಬ್ಬರೇ ಮತ್ತೆ ಹೋದರು.

ಹೋಗುವುದನ್ನಾದರೂ ಸಹಿಸಬಹುದಿತ್ತು, ಹೋಗುವ ರೀತಿಯನ್ನು ಸಹಿಸುವುದು ಕಷ್ಟ. ಜಿಪ್ ಎಂಬುದು ಪಟ್ಟನೆ ಎಳೆದರೆ ‘ಝಿಪ್’ ಎಂದು ಒಂದು ಸಲ ಕೂಗಿ ಸುಮ್ಮನಾಗುವ ವಸ್ತು, ಅದರ ಹೆಸರೇ ಅದನ್ನು ಹೇಳುತ್ತದೆ. ಆದರೆ ನಮ್ಮ ಮನೆಯವರಿಗೆ ನಿಧಾನವಾಗಿ ಎಳೆದರೆ ಸದ್ದಾಗುವುದಿಲ್ಲ ಎಂಬ ನಂಬಿಕೆ. ಅವರು ಮಂಡಿಯೂರಿ, ತಲೆಗೆ ಕಟ್ಟಿದ ಟಾರ್ಚಿನ ಬೆಳಕನ್ನು ಜಿಪ್ಪಿನ ಮೇಲೆಯೇ ನೆಟ್ಟು, ಎರಡು ಬೆರಳುಗಳಲ್ಲಿ ಅದರ ಕೊಂಡಿಯನ್ನು ಹಿಡಿದು, ಉಸಿರು ಬಿಗಿಹಿಡಿದು, ಹಲ್ಲು ಹಲ್ಲಾಗಿ ಬಿಡಿಸತೊಡಗುತ್ತಾರೆ. ಕರ್… ಕರ್… ಕರ್… ಎಂದು ಇಲಿ ಮರದ ಪೆಟ್ಟಿಗೆಯನ್ನು ಕೊರೆಯುವ ಸದ್ದು. ಅರ್ಧದಲ್ಲಿ ನಿಲ್ಲಿಸಿ, ಮಗು ಎಚ್ಚರವಾಯಿತೇ ಎಂದು ಹಿಂದಿರುಗಿ ನೋಡುತ್ತಾರೆ. ಹಿಂದಿರುಗಿದಾಗ ಹಣೆಯ ಟಾರ್ಚೂ ಜೊತೆಗೆ ಹಿಂದಿರುಗಿ ಮಗುವಿನ ಮುಖಕ್ಕೆ ನೇರವಾಗಿ ಬೀಳುತ್ತದೆ. ಆಗ ಮಗು ಎಚ್ಚರವಾಗಿರುವುದು ಅವರಿಗೆ ಸ್ಪಷ್ಟವಾಗಿ ಕಾಣುತ್ತದೆ. “ಅಯ್ಯೋ, ಎದ್ದುಬಿಟ್ಟಳಲ್ಲ” ಎಂದು ಪಿಸುಗುಡುತ್ತಾರೆ. ಆ ಪಿಸುಮಾತಿನಲ್ಲಿರುವ ಪ್ರಾಮಾಣಿಕ ಆಶ್ಚರ್ಯವನ್ನು ನಾನು ಜನ್ಮದಲ್ಲಿ ಮರೆಯಲಾರೆ. ನಾಲ್ಕನೆಯ ಸಲ ಟೆಂಟಿನ ಒಳಪದರದ ಅಂಚು ಜಿಪ್ಪಿನ ಬಾಯಿಗೆ ಸಿಕ್ಕಿಕೊಂಡಿತು. ಅವರು ಹೊರಗೆ ಅರ್ಧ, ಒಳಗೆ ಅರ್ಧ ಇದ್ದರು. ಹಿಂದಕ್ಕೂ ಹೋಗದ ಮುಂದಕ್ಕೂ ಬರದ ಆ ಭಂಗಿಯಲ್ಲಿ ಅವರು ಐದು ನಿಮಿಷ ಕೊಂಡಿಯನ್ನು ಅಲುಗಾಡಿಸುತ್ತಿದ್ದಾಗ, ಆ ಸಂದಿಯಿಂದ ಎಷ್ಟು ಸೊಳ್ಳೆಗಳು ಸರದಿಯ ಸಾಲಿನಲ್ಲಿ ಒಳಬಂದವೆಂಬುದನ್ನು ನನ್ನ ಕಾಲುಗಳು ಇಂದಿಗೂ ಹೇಳುತ್ತವೆ.

ಮಗಳಿಗೆ ಇದೆಲ್ಲ ತನಗಾಗಿಯೇ ಏರ್ಪಡಿಸಿದ ಆಟವೆನಿಸಿತು. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇದ್ದೇ ಇದೆ ಎಂಬ ಗ್ರಹಿಕೆ ಮಕ್ಕಳಲ್ಲಿ ಬಲವಾಗುವುದು ಈ ವಯಸ್ಸಿನಲ್ಲಿಯೇ. ಅದಕ್ಕೇ ಮುಖ ಮುಚ್ಚಿ ತೆರೆಯುವ ಆಟಕ್ಕೆ ಅವರು ಅಷ್ಟೊಂದು ನಗುವುದು. ಇಲ್ಲಿಯಾದರೋ ಇಡೀ ಅಪ್ಪನೇ ಗೋಡೆಯೊಳಗೆ ಮಾಯವಾಗಿ, ಕರ್ ಕರ್ ಎಂಬ ವಾದ್ಯದೊಂದಿಗೆ, ಹಣೆಯಲ್ಲಿ ದೀಪ ಹೊತ್ತು ಮತ್ತೆ ಪ್ರತ್ಯಕ್ಷರಾಗುತ್ತಿದ್ದರು. ಮಲಗುವುದಾದರೂ ಹೇಗೆ? ಅವರು ಹೊರಗಿದ್ದಷ್ಟು ಹೊತ್ತೂ ಅವಳು ಬಾಗಿಲಿನ ಕಡೆ ದೃಷ್ಟಿ ನೆಟ್ಟು, ಎರಡು ಕೈಗಳನ್ನೂ ಎದೆಯ ಮುಂದೆ ಹಿಡಿದು, ನಾಟಕದ ಪರದೆ ಏಳುವುದನ್ನು ಕಾಯುವವರಂತೆ ಕಾಯುತ್ತಿದ್ದಳು.

ಹನ್ನೊಂದರ ಸುಮಾರಿಗೆ ನನ್ನ ಹಣೆಯ ಮೇಲೆ ಒಂದು ಹನಿ ಬಿತ್ತು. ಟೆಂಟ್ ಸೋರುತ್ತಿದೆ ಎಂದು ನಾನು ವಿಜಯದ ದನಿಯಲ್ಲಿ ಘೋಷಿಸಿದೆ. ಅದು ಸೋರಿಕೆಯಲ್ಲ, ನಮ್ಮ ಮೂವರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಗಲಿ ನೀರಾಗುತ್ತಿದೆ, ಗಾಳಿಯಾಡಲು ಬಿಡದಿದ್ದರೆ ಹೀಗೆಯೇ ಎಂದು ಅವರು ವಿವರಿಸಿದರು. ಹಣೆಗೆ ಬಿದ್ದ ನೀರಿನಲ್ಲಿ ಮೂರನೆಯ ಒಂದು ಪಾಲು ನನ್ನದೇ ಎಂದಾದ ಮೇಲೆ ಯಾರನ್ನು ದೂರುವುದು? ಆದರೆ ಈ ವಿವರಣೆಯಿಂದ ಅವರಿಗೊಂದು ಹೊಸ ಕರ್ತವ್ಯ ಹುಟ್ಟಿಕೊಂಡಿತು. ಗಾಳಿಯಾಡಲೆಂದು ಜಿಪ್ಪನ್ನು ಒಂದು ಗೇಣು ತೆರೆಯುವುದು, ಮಗುವಿಗೆ ಚಳಿಯಾದೀತೆಂದು ಅರ್ಧ ಗೇಣು ಮುಚ್ಚುವುದು. ಅವನ್ನು ನಾನು 90ರ ಲೆಕ್ಕಕ್ಕೆ ಸೇರಿಸಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನದನ್ನೂ ಹೇಳಬೇಕು. ಮಕ್ಕಳ ಅಂಗೈ ಅಂಗಾಲು ತಣ್ಣಗಿರುವುದು ಸಹಜ, ಚಳಿಯಾಗಿದೆಯೇ ಸೆಖೆಯಾಗಿದೆಯೇ ಎಂದು ತಿಳಿಯಲು ಕತ್ತಿನ ಹಿಂಭಾಗವನ್ನೋ ಎದೆಯನ್ನೋ ಮುಟ್ಟಿ ನೋಡಬೇಕು ಎಂದು ನಾನು ಓದಿಕೊಂಡಿದ್ದೆ. ಹೀಗಾಗಿ ಪ್ರತಿ ಕಾಲು ಗಂಟೆಗೊಮ್ಮೆ ನಾನು ಅವಳ ಕುತ್ತಿಗೆಯ ಹಿಂದೆ ಕೈಯಿಡುತ್ತಿದ್ದೆ. ಅವಳ ಕುತ್ತಿಗೆ ಪ್ರತಿ ಸಲವೂ ಬೆಚ್ಚಗಿತ್ತು. ನನ್ನ ಕೈ ಪ್ರತಿ ಸಲವೂ ಮಂಜುಗಡ್ಡೆಯಂತಿತ್ತು. ಜಿಪ್ಪಿಗೆ ಜಗ್ಗದೆ ಇನ್ನೇನು ನಿದ್ದೆಗೆ ಜಾರುತ್ತಿದ್ದ ಮಗುವನ್ನು ಕನಿಷ್ಠ ಎರಡು ಸಲ ಬೆಚ್ಚಿ ಎಬ್ಬಿಸಿದವಳು ನಾನೇ. ಫೋನಿನಲ್ಲಿ ಐದು ಜನರಿಗೆ ವರದಿ ಒಪ್ಪಿಸಿದರೂ ಅವರು ಇದನ್ನು ಯಾರಿಗೂ ಹೇಳಿಲ್ಲ. ಅದು ಅವರ ದೊಡ್ಡತನವೋ ಮರೆವೋ ಎಂದು ಕೇಳುವ ಧೈರ್ಯ ನನಗಿಲ್ಲ.

ಎರಡೂವರೆಯ ನಂತರ ಅವಳು ಯಾವ ಮುನ್ಸೂಚನೆಯೂ ಇಲ್ಲದೆ, ಕುಳಿತಲ್ಲಿಯೇ ವಾಲಿ, ಹಾಗೆಯೇ ನಿದ್ದೆಹೋದಳು. ಅವಳನ್ನು ಮೆಲ್ಲಗೆ ಮಲಗಿಸಿ ನಾವಿಬ್ಬರೂ ಅಲುಗಾಡದೆ ಬಿದ್ದುಕೊಂಡೆವು. ಹೊರಗೆ ಜೀರುಂಡೆಗಳ ಸದ್ದು ಆಗಲೇ ನನ್ನ ಗಮನಕ್ಕೆ ಬಂದದ್ದು. ಅಷ್ಟು ಹೊತ್ತೂ ಅದು ಇದ್ದೇ ಇತ್ತು. “ಎಚ್ಚರವಿದ್ದೀಯಾ?” ಎಂದು ಅವರು ಕೇಳಿದರು. ನಾನು ಹೂಂ ಎಂದೆ. ಮದುವೆಯಾದ ಹೊಸದರಲ್ಲಿ ಇದೇ ಟೆಂಟಿನಲ್ಲಿ, ಇದೇ ಪ್ರಶ್ನೆಯಿಂದ ಶುರುವಾದ ಮಾತು ಬೆಳಗಾದರೂ ಮುಗಿಯುತ್ತಿರಲಿಲ್ಲ. ಈ ಹನ್ನೊಂದು ತಿಂಗಳಲ್ಲಿ ನಾವು ಆಡಿದ್ದೆಲ್ಲ ಡೈಪರ್ ಇದೆಯೇ, ಹಾಲು ಕುಡಿದಳೇ, ಈ ಸಲ ಯಾರ ಸರದಿ ಎಂಬ ಮಾತುಗಳೇ. ಆ ರಾತ್ರಿ ಮಗುವಿನ ತಲೆಯ ಮೇಲಿಂದ ಪಿಸುಮಾತಿನಲ್ಲಿ ಅವರು ತಮ್ಮ ಕೆಲಸದ ಬೇಸರವನ್ನು ಹೇಳಿದರು, ನಾನು ಕೆಲಸಕ್ಕೆ ಮರಳುವ ದಿನ ಹತ್ತಿರ ಬರುತ್ತಿರುವುದಕ್ಕೆ ಹೆದರುತ್ತಿದ್ದೇನೆ ಎಂದೆ. ಬಹಳ ಹೊತ್ತೇನೂ ಅಲ್ಲ, ಇಪ್ಪತ್ತು ನಿಮಿಷವಿದ್ದೀತು. ನನ್ನ ಮಾತಿನ ನಡುವೆ ಅವರ ಗೊರಕೆ ಕೇಳಿಸಿತು. ಐದೂವರೆಗೆ ಬೆಳಕು ಬಟ್ಟೆಯನ್ನು ತೂರಿ ಒಳಗೆಲ್ಲ ಹಳದಿಯಾಗಿ ಹರಡಿದಾಗ ಮಗಳು ಎದ್ದು ಕುಳಿತು, ಗೋಡೆಯ ಮೇಲೆ ಅಲುಗಾಡುವ ಎಲೆಯ ನೆರಳನ್ನು ಬೆರಳಿನಿಂದ ಹಿಡಿಯಲು ಹೋದಳು. ಅದು ಸಿಗಲಿಲ್ಲ. ಮತ್ತೆ ಹಿಡಿಯಲು ಹೋದಳು.

ಈಗ ಟೆಂಟ್ ಮಹಡಿಯ ಮೇಲೆ ಒಣಗುತ್ತಿದೆ, ಮೂರು ದಿನವಾದರೂ ಅದರ ಮುಗ್ಗಲು ವಾಸನೆ ಹೋಗಿಲ್ಲ. ಮಗಳು ಹೊಸದೊಂದು ವಿದ್ಯೆ ಕಲಿತಿದ್ದಾಳೆ. ಮುಚ್ಚಿದ ಯಾವುದನ್ನು ಕಂಡರೂ, ಅದು ಡಬ್ಬಿಯಿರಲಿ, ಬಾಗಿಲಿರಲಿ, ಮಲಗಿರುವ ನನ್ನ ಕಣ್ಣಿರಲಿ, ಬೆರಳನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಾ “ಕರ್ ಕರ್” ಎನ್ನುತ್ತಾಳೆ. ಪಕ್ಕದ ಕೋಣೆಯ ಫೋನಿನಲ್ಲಿ ಮಾತು ಮುಂದುವರಿದಿದೆ: “ಮುಂದಿನ ತಿಂಗಳು ಎರಡು ರಾತ್ರಿ ಹೋಗೋಣವೆಂದು ಇದ್ದೇವೆ.” ಇದ್ದೇವೆ ಎಂಬ ಬಹುವಚನದಲ್ಲಿ ಯಾರು ಯಾರು ಸೇರಿದ್ದಾರೆಂದು ಆಮೇಲೆ ವಿಚಾರಿಸಬೇಕು. ಜಿಪ್ಪಿನ ಹಲ್ಲುಗಳಿಗೆ ಮೇಣ ಉಜ್ಜಿದರೆ ಅದು ಎಲ್ಲೂ ಕಚ್ಚಿಕೊಳ್ಳದೆ ಸಲೀಸಾಗಿ ಜಾರುತ್ತದೆ ಎಂದು ಕೇಳಿದ್ದೆ. ಅವರ ಮಾತು ಮುಗಿಯುವ ಮೊದಲು, ಯಾರಿಗೂ ಕಾಣದಂತೆ, ಒಂದು ತುಂಡು ಮೇಣದ ಬತ್ತಿ ಹಿಡಿದುಕೊಂಡು ಮಹಡಿ ಹತ್ತುತ್ತಿದ್ದೇನೆ.