ಮ್ಯಾಡ್, ಕ್ರೇಜಿ, ಇನ್‌ಸೇನ್ ಎಲ್ಲ ಒಂದೇ ಅಲ್ಲ

ನಿಮ್ಮ ಲೇಖನ ಓದಿದೆ, ಚೆನ್ನಾಗಿದೆ. ಆದರೆ ಅದರಲ್ಲಿ ಇಂಗ್ಲಿಷಿನ ಮ್ಯಾಡ್, ಕ್ರೇಜಿ, ಇನ್‌ಸೇನ್, ಲೂನಾಟಿಕ್ ಎಲ್ಲಕ್ಕೂ 'ಹುಚ್ಚು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದನ್ನು ಒಪ್ಪಲಾರೆ. 'ಐ ಆ್ಯಮ್ ಮ್ಯಾಡ್ ಅಟ್ ಯೂ' ಅಂತ ಅಮೆರಿಕದವರು ಅಂದರೆ ನಿನ್ನ ಮೇಲೆ ಸಿಟ್ಟು ಬಂದಿದೆ ಎಂದರ್ಥ. ಬ್ರಿಟನ್ನಿನಲ್ಲಿ ಬರೀ ಮ್ಯಾಡ್ ಅಂದರೆ ತಲೆ ಕೆಟ್ಟಿದೆ ಅಂತಲೇ ಜಾಸ್ತಿ. ಕ್ರೇಜಿ ಹಗುರವಾದ ಮಾತು. 'ಕ್ರೇಜಿ ಅಬೌಟ್ ಕ್ರಿಕೆಟ್' ಅಂದರೆ ಕ್ರಿಕೆಟ್ ಅಂದ್ರೆ ಪ್ರಾಣ, ಅಷ್ಟೇ.

ಇನ್‌ಸೇನ್ ಕೋರ್ಟಿಗೆ ಸೇರಿದ ಪದ. ಇಂಗ್ಲೆಂಡಿನಲ್ಲಿ 1843ರಲ್ಲಿ ಮೆಕ್‌ನಾಟನ್ ಎಂಬ ಆರೋಪಿಯ ಪ್ರಕರಣದಿಂದ ಬಂದ, ಆರೋಪಿ ಇನ್‌ಸೇನ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ನಿಯಮ ನೋಡಿ. ತಾನು ಮಾಡುತ್ತಿರುವುದು ಏನು ಅಥವಾ ಅದು ತಪ್ಪು ಅನ್ನುವುದು ಮನಸ್ಸಿನ ಕಾಯಿಲೆಯಿಂದ ಆರೋಪಿಗೆ ತಿಳಿಯದೆ ಹೋಯಿತೇ ಎಂದು ಅದು ಕೇಳುತ್ತದೆ. ಇವತ್ತಿನ ಡಾಕ್ಟರುಗಳು ಇನ್‌ಸೇನ್ ಅನ್ನೋದನ್ನು ಕಾಯಿಲೆಯ ಹೆಸರಾಗಿ ಬರೆಯುವುದಿಲ್ಲ.

ಲೂನಾಟಿಕ್ ಬಂದದ್ದು ಲ್ಯಾಟಿನ್ನಿನ 'ಲೂನಾ', ಅಂದರೆ ಚಂದ್ರನಿಂದ. ಹುಣ್ಣಿಮೆ ಅಮಾವಾಸ್ಯೆಗೆ ಹುಚ್ಚು ಕೆರಳುತ್ತದೆ ಅನ್ನೋ ನಂಬಿಕೆ ನಮ್ಮಲ್ಲೂ ಇದೆ ಅಲ್ವಾ? ನಮ್ಮ ನಿಮ್ಹಾನ್ಸ್ ಕೂಡ ಮೊದಲು ಲೂನಾಟಿಕ್ ಅಸೈಲಂ ಆಗಿತ್ತು, 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಯಿತು. ಅಮೆರಿಕ ಲೂನಾಟಿಕ್ ಪದವನ್ನು ಫೆಡರಲ್ ಕಾನೂನಿನಿಂದ ತೆಗೆದದ್ದು 2012ರಲ್ಲಿ! ದಯವಿಟ್ಟು ನಿಮ್ಮ ಲೇಖನದ ಎರಡನೇ ಪ್ಯಾರಾದಲ್ಲಿ ರೋಗಿಗಳಿಗೆ ಬಳಸಿರುವ ಲೂನಾಟಿಕ್ ಬದಲಿಸಿ. ಅವರ ಮನೆಯವರೂ ಇದನ್ನು ಓದುತ್ತಾರೆ.