ಒಂದು ಫೋಟೋ, 180 ಹಕ್ಕು

ನಾನು ತೆಗೆದ ಒಂದು ಫೋಟೋ ಇದೆ. ಮಳೆ ನಿಂತ ಮೇಲೆ ತಂತಿಯ ಮೇಲೆ ಕೂತ ಎರಡು ಗುಬ್ಬಿ. ಕಳೆದ ವರ್ಷ ಅದು ಬೇರೆ ದೇಶದ ಒಂದು ಆನ್‌ಲೈನ್ ಅಂಗಡಿಯಲ್ಲಿ ಟೀ ಶರ್ಟ್ ಮೇಲೆ ಕಾಣಿಸಿತು. ಮೂಲೆಯಲ್ಲಿದ್ದ ನನ್ನ ಹೆಸರನ್ನು ನೀಟಾಗಿ ಕತ್ತರಿಸಿದ್ದರು. ಅದರ ಜೊತೆಗೆ ಎಡಗಡೆ ಗುಬ್ಬಿಯ ಬಾಲದ ತುದಿಯೂ ಹೋಗಿತ್ತು.

ಗೆಳೆಯರೆಲ್ಲ ಕೇಳಿದ್ದು ಒಂದೇ: "ಕಾಪಿರೈಟ್ ಮಾಡಿಸಿರಲಿಲ್ವಾ?"

ಮಾಡಿಸಬೇಕಾಗಿಯೇ ಇಲ್ಲ. 1886ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕಾಪಿರೈಟ್ ಬಗ್ಗೆ ದೇಶಗಳ ನಡುವೆ ಒಂದು ಒಪ್ಪಂದವಾಯಿತು. ಈಗ ಅದರಲ್ಲಿ 180ಕ್ಕೂ ಜಾಸ್ತಿ ದೇಶಗಳಿವೆ. 1908ರ ತಿದ್ದುಪಡಿಯ ನಂತರ ಅರ್ಜಿ, ಮುದ್ರೆ ಯಾವುದೂ ಬೇಡ. ಕ್ಲಿಕ್ ಮಾಡಿದ ಕ್ಷಣವೇ ಹಕ್ಕು ಹುಟ್ಟುತ್ತದೆ.

ಆದರೆ ಅಂತಾರಾಷ್ಟ್ರೀಯ ಕಾಪಿರೈಟ್ ಅಂತ ಒಂದು ಇಲ್ಲವೇ ಇಲ್ಲ! ಒಪ್ಪಂದ ಹೇಳುವುದು ಇಷ್ಟೇ: ಹೊರಗಿನವರ ಕೃತಿಯನ್ನೂ ನಿಮ್ಮವರ ಕೃತಿಯಂತೆಯೇ ನೋಡಿಕೊಳ್ಳಿ. ಅಂದರೆ ನನ್ನ ಗುಬ್ಬಿಗಳಿಗೆ 180 ಬೇರೆ ಬೇರೆ ಹಕ್ಕುಗಳಿವೆ. ಎಲ್ಲಿ ಕದ್ದರೋ ಅಲ್ಲಿಯದೇ ಕಾನೂನು, ಸಾಮಾನ್ಯವಾಗಿ ಅಲ್ಲಿಯದೇ ಕೋರ್ಟು.

ಈ ವಿಷಯದಲ್ಲಿ ನನಗೆ ನಗು ಬರುವುದು ಅಮೆರಿಕವನ್ನು ನೋಡಿದಾಗ. 1790ರ ಅವರ ಕಾನೂನು ತಮ್ಮ ಪ್ರಜೆಗಳಿಗೆ, ಅಲ್ಲಿ ನೆಲೆಸಿದವರಿಗೆ ಮಾತ್ರ ಇತ್ತು. ಇಂಗ್ಲೆಂಡಿನ ಕಾದಂಬರಿಗಳನ್ನು ರಾಜಾರೋಷವಾಗಿ ಅಚ್ಚು ಹಾಕಿ ಮಾರುತ್ತಿದ್ದರು. 1842ರಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಇದನ್ನು ಬಾಯಿಬಿಟ್ಟು ಹೇಳಿದರೆ, ಅಲ್ಲಿನ ಪತ್ರಿಕೆಗಳು ಅವರನ್ನೇ ದುಡ್ಡಿನಾಸೆಯವನು ಅಂತ ಬೈದವು. ವಿದೇಶಿ ಲೇಖಕರಿಗೆ ಷರತ್ತಿನ ಮೇಲೆ ಹಕ್ಕು ಸಿಕ್ಕಿದ್ದು 1891ರಲ್ಲಿ. ಅಮೆರಿಕ ಬರ್ನ್ ಒಪ್ಪಂದಕ್ಕೆ ಸೇರಿದ್ದಂತೂ 1989ರಲ್ಲಿ. ಈಗ ಕಾಪಿರೈಟ್ ಬಗ್ಗೆ ಊರಿಗೆಲ್ಲ ಪಾಠ ಹೇಳುವುದೂ ಅವರೇ.

ಅವಧಿಯದ್ದು ಇನ್ನೊಂದು ಗೋಜಲು. ಕನಿಷ್ಠ ಅಂದರೆ ಲೇಖಕ ಸತ್ತ ಮೇಲೆ 50 ವರ್ಷ. ಭಾರತದಲ್ಲಿ 60, ಯುರೋಪಿಯನ್ ಒಕ್ಕೂಟದಲ್ಲಿ 70, ಮೆಕ್ಸಿಕೋದಲ್ಲಿ 100. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ತೀರಿಕೊಂಡಿದ್ದು 1950ರಲ್ಲಿ. 1949ರಲ್ಲಿ ಬಂದ ಅವರ ಕೊನೆಯ ಕಾದಂಬರಿ ಬ್ರಿಟನ್ನಿನಲ್ಲಿ 2021ಕ್ಕೇ ಎಲ್ಲರ ಸ್ವತ್ತಾಯಿತು. ಅಮೆರಿಕದಲ್ಲಿ 2044 ಮುಗಿಯುವವರೆಗೂ ಬೀಗ. ಅದೇ ಫೈಲನ್ನು ನೆಟ್ಟಿಗೆ ಹಾಕಿದರೆ ಒಂದು ಕಡೆ ಸರಿ, ಇನ್ನೊಂದು ಕಡೆ ಕಳ್ಳತನ.

ಸರಿ, ನನ್ನ ಗುಬ್ಬಿಗಳ ಕಥೆಗೆ ಬರೋಣ. ಆ ದೇಶದಲ್ಲಿ ವಕೀಲರನ್ನು ಹಿಡಿದು ಕೇಸು ಹಾಕಿದರೆ, ಫೀಸಿನ ದುಡ್ಡಲ್ಲಿ ಅಂಗಡಿಯ ಅಷ್ಟೂ ಟೀ ಶರ್ಟ್ ನಾನೇ ಕೊಳ್ಳಬಹುದಿತ್ತು. ಪುಣ್ಯಕ್ಕೆ ಸೈಟ್ ಇದ್ದದ್ದು ಅಮೆರಿಕದ ಒಂದು ಹೋಸ್ಟಿಂಗ್ ಕಂಪನಿಯಲ್ಲಿ, ಅಂದರೆ ಸೈಟುಗಳಿಗೆ ನೆಟ್ಟಿನಲ್ಲಿ ಜಾಗ ಕೊಡುವವರ ಹತ್ತಿರ. 1998ರ ಅಲ್ಲಿನ ಕಾನೂನಿನ ಪ್ರಕಾರ ಒಂದು ದೂರಿನ ಫಾರಂ ತುಂಬಿದೆ. ಮೂಲ ಫೋಟೋದ ಲಿಂಕ್, ಅವರ ಪುಟದ ಲಿಂಕ್, ನನ್ನ ಸಹಿ. ನಾಲ್ಕೇ ದಿನಕ್ಕೆ ಚಿತ್ರ ಮಾಯ. ಜಡ್ಜ್ ಇಲ್ಲ, ವಾದ ಇಲ್ಲ. ಅಂಗಡಿಯವರು ತಿರುಗಿಸಿ ಆಕ್ಷೇಪ ಹಾಕಿದ್ದರೆ ನಾನು ಅಮೆರಿಕದ ಕೋರ್ಟಿಗೇ ಹೋಗಬೇಕಾಗುತ್ತಿತ್ತು. ಅವರು ಹಾಕಲಿಲ್ಲ, ಅಷ್ಟೇ.

ಗೆದ್ದ ಖುಷಿ ಇತ್ತು, ಸುಳ್ಳೇಕೆ ಹೇಳಲಿ. ಆದರೆ ನಾಳೆ ಯಾರೋ ಅದೇ ಫಾರಂ ಸುಮ್ನೆ ತುಂಬಿ ನನ್ನ ಫೋಟೋವನ್ನೇ ತೆಗೆಸಬಹುದು, ಅಲ್ವಾ? ನೂರು ವರ್ಷ ದಾಟಿದ ಒಪ್ಪಂದಕ್ಕಿಂತ ಒಂದು ಕಂಪನಿಯ ದೂರು ಪೆಟ್ಟಿಗೆಗೇ ಜಾಸ್ತಿ ಬಲ ಇರುವುದು ನನಗಂತೂ ಸರಿ ಕಾಣುವುದಿಲ್ಲ.

ನಿನ್ನೆ ಆ ಅಂಗಡಿಯನ್ನು ಮತ್ತೆ ನೋಡಿದೆ. ಗುಬ್ಬಿ ಇದ್ದ ಜಾಗದಲ್ಲಿ ಈಗ ಯಾರದೋ ಬೆಕ್ಕಿದೆ. ಬಲಗಡೆ ಕಿವಿ ಅರ್ಧ ಇಲ್ಲ.