ಪಿ ಸೈಲೆಂಟ್ ಐತಿ

ಕಳೆದ ಶನಿವಾರ ಮೊಮ್ಮಗನ ಶಾಲೆಯಲ್ಲಿ ಫೀ ತುಂಬಲು ಪಾಳಿ ಹಚ್ಚಿ ನಿಂತು, ಎಂಟು ಸಾವಿರ ರೂಪಾಯಿಗಳನ್ನು ಎರಡೆರಡು ಸಲ ಎಣಿಸಿ ಕಿಟಕಿಯೊಳಗೆ ಸರಿಸಿ, "ರಿಸಿಪ್ಟ್ ಕೊಡ್ರಿ ಮೇಡಮ್" ಎಂದೆ. ಮೇಡಮ್ ಏನೂ ಅನ್ನಲಿಲ್ಲ. ಅಂದವನು ನನ್ನ ಕೈ ಹಿಡಿದು ನಿಂತಿದ್ದ, ಮೂರನೆಯ ತರಗತಿಯ ಮೊಮ್ಮಗ. ತೋರುಬೆರಳನ್ನು ಮೇಲೆತ್ತಿ, "ಮುತ್ಯಾ, ರಿಸಿಪ್ಟ್ ಅಲ್ಲ, ರಿಸೀಟ್. ಪಿ ಸೈಲೆಂಟ್ ಐತಿ" ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಹಿಂದೆ ನಿಂತವರೊಬ್ಬರು ಕೆಮ್ಮಿದರು; ಅದು ಕೆಮ್ಮಲ್ಲವೆಂಬುದು ನನಗೆ ಗೊತ್ತಾಯಿತು.

ಸೊಸೈಟಿಯೊಂದರಲ್ಲಿ 31 ವರ್ಷ ಕ್ಯಾಶಿಯರನಾಗಿ ರಸೀದಿ ಹರಿದು ಕೊಟ್ಟವನು ನಾನು. ಹಳ್ಳಿಯಿಂದ ಬಂದವರು "ಪಾವತಿ ಕೊಡ್ರಿ ಸಾಹೇಬ್ರ" ಎನ್ನುತ್ತಿದ್ದರು; ಮ್ಯಾನೇಜರರಿಂದ ಜವಾನನವರೆಗೆ ನಾವೆಲ್ಲರೂ "ರಿಸಿಪ್ಟ್" ಎನ್ನುತ್ತಿದ್ದೆವು. ಆ ಪಿ ದೆಸೆಯಿಂದ ಒಂದು ದಿನವೂ ಲೆಕ್ಕ ತಾಳೆಯಾಗದೆ ಉಳಿದದ್ದಿಲ್ಲ.

ಈ ಹುಡುಗನ ತೋರುಬೆರಳಿನ ಬಗ್ಗೆ ಹೇಳಲೇಬೇಕು. ಅವನ ಅಪ್ಪ "ವೆಡ್ನೆಸ್‌ಡೇ" ಎಂದರೆ ಅದು ಏಳುತ್ತದೆ. ಬಾಯಿ ತುಂಬ ಜೋಳದ ರೊಟ್ಟಿಯಿದ್ದರೂ ಏಳುತ್ತದೆ. ಆ ತುತ್ತು ಗಂಟಲಿನಿಂದ ಇಳಿಯುವವರೆಗೆ, ತಪ್ಪು ಯಾರದು, ಯಾವುದು ಎಂದು ತಿಳಿಯದೆ ಮನೆಮಂದಿಯೆಲ್ಲ ಕಟಕಟೆಯಲ್ಲಿ ನಿಂತವರಂತೆ ಕಾಯಬೇಕು. ಪ್ಲಂಬರ್ ಎನ್ನುವುದರಲ್ಲಿಯೂ ಬಿ ಸೈಲೆಂಟ್ ಎಂದು ತಿಳಿದ ದಿನದಿಂದ ನನ್ನ ಹೆಂಡತಿ "ನಳದಾಂವ" ಎಂದು ಕರೆದು ಪಾರಾಗಿದ್ದಾಳೆ.

ಅವಮಾನದಲ್ಲಿ ನಿಘಂಟು ತೆರೆದೆ. ಹಳೆಯ ಇಂಗ್ಲಿಷಿನವರು ಈ ಪದವನ್ನು ಹೆಚ್ಚಾಗಿ ಪಿ ಇಲ್ಲದೆಯೇ ಬರೆಯುತ್ತಿದ್ದರಂತೆ. ಲ್ಯಾಟಿನ್ನಿನ 'ರೆಸೆಪ್ಟಾ'ದ ವಂಶವೆಂದು ತೋರಿಸಲು ಪಂಡಿತರು ಅದನ್ನು ಬರಹಕ್ಕೆ ಸೇರಿಸಿದರು, ನಾಲಿಗೆ ಒಪ್ಪಲಿಲ್ಲ. ಅದೇ ಮನೆತನದ ಡಿಸೀಟ್, ಕನ್ಸೀಟ್ ಪದಗಳಲ್ಲಿ ಪಿ ನಿಲ್ಲಲಿಲ್ಲ. ಮೋಸಕ್ಕೂ ಒಣಜಂಭಕ್ಕೂ ಇಲ್ಲದ ಭಾರ, ರೊಕ್ಕ ಕಟ್ಟಿದವನ ತಲೆಯ ಮೇಲೆ! ನಮ್ಮ ರಸೀದಿಯಾದರೋ ಫಾರಸಿಯ 'ರಸೀದ್', ಅಂದರೆ 'ತಲುಪಿತು'. ಆದಿಲ್‌ಶಾಹಿ ದರ್ಬಾರಿನ ಫಾರಸಿ ಮೆರೆದ ಈ ವಿಜಯಪುರದವನಾಗಿ ಅದನ್ನೇ ಬಳಸಿದ್ದರೆ ಮಾನ ಉಳಿಯುತ್ತಿತ್ತು.

ಭಾನುವಾರ ಗೋಳಗುಮ್ಮಟಕ್ಕೆ ಹೋದಾಗ ಅವನು ಹೊಸ ಉಪಾಯ ಹೂಡಿದ. ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲುಗಳು ಸೈಲೆಂಟ್ ಆಗಿದ್ದವು. "ಗ್ವಾಡಿಗೆ ಬಾಯಿ ಹಚ್ಚಿ ಸರಿಯಾಗಿ ಅನ್ನು ಮುತ್ಯಾ, ನಾ ಆಕಡೆಯಿಂದ ಕೇಳ್ತೀನಿ" ಎಂದು ಎದುರು ಬದಿಗೆ ಓಡಿದ. ಗೋಡೆಗೆ ಬಾಯಿ ಹಚ್ಚಿ, ಎಚ್ಚರದಿಂದ "ರಿಸೀ" ಎಂದು ಎಳೆದೆ. ಅಷ್ಟರಲ್ಲಿ ಏದುಸಿರು ಬಂದು, 31 ವರ್ಷಗಳ ಅಭ್ಯಾಸವೂ ಅದರ ಬೆನ್ನಿಗೆ ಬಂದು, "ಪ್ಟ್" ಎಂದುಬಿಟ್ಟೆ. ಗುಮ್ಮಟ ಬಿಡಲಿಲ್ಲ. ಪ್ಟ್, ಪ್ಟ್, ಪ್ಟ್ ಎಂದು ಸುತ್ತಿಸಿ ಸುತ್ತಿಸಿ ಮರಳಿಸಿತು. ಪ್ರವಾಸಕ್ಕೆ ಬಂದ ಯಾವುದೋ ಶಾಲೆಯ ಮಕ್ಕಳು ಖುಷಿಯಾಗಿ "ರಿಸಿಪ್ಟ್! ರಿಸಿಪ್ಟ್!" ಎಂದು ಕೂಗತೊಡಗಿದರು. 1656ರಲ್ಲಿ ತೀರಿಕೊಂಡು ಕೆಳಗೆ ಮಲಗಿರುವ ಮುಹಮ್ಮದ್ ಆದಿಲ್‌ಶಾಹನಿಗೂ ಪಿ ತಲುಪಿರಬೇಕು. ಸುಮಾರು 38 ಮೀಟರ್ ಆಚೆ, ಆ ಗದ್ದಲದ ನಡುವೆ, ಪುಟ್ಟ ತೋರುಬೆರಳೊಂದು ಮೇಲೆದ್ದದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು.

ನಮಗೆ ಇಂಗ್ಲಿಷ್ ಶುರುವಾದದ್ದು ಐದನೆಯ ತರಗತಿಯಲ್ಲಿ. ನಮ್ಮ ಮಾಸ್ತರರು ಆ ಭಾಷೆಯನ್ನು ಕಿವಿಯಿಂದಲ್ಲ, ಕಣ್ಣಿನಿಂದ ಕಲಿತವರು, ಬರೆದದ್ದನ್ನು ನುಂಗಿ ಓದಿದರೆ, "ಅಕ್ಷರ ಏನ್ ತಪ್ಪ ಮಾಡೈತಿ, ಅದನ್ಯಾಕ ಬಿಡ್ತಿ?" ಎಂದು ಬೆತ್ತ ಎತ್ತುತ್ತಿದ್ದರು. ಅವರು ಈಗಿಲ್ಲ. ರಿಸೀಟ್ ಎಂದು ತಿದ್ದಿಕೊಳ್ಳುವಾಗ ಅವರು ಕೊಟ್ಟ ಅಕ್ಷರವೊಂದನ್ನು ದಾರಿಯಲ್ಲಿ ಬಿಟ್ಟು ಬಂದಂತೆನಿಸುತ್ತದೆ.

ನಿನ್ನೆ ಮೊಮ್ಮಗನ ಡಿಕ್ಟೇಷನ್ ವಹಿಯಲ್ಲಿ ಕೆಂಪು ಗೆರೆ ಬಿದ್ದಿದೆ. ರಿಸೀಟ್ ಬರೆಯುವಾಗ ಪಿ ಬಿಟ್ಟಿದ್ದಾನೆ. ಇಪ್ಪತ್ತು ಸಲ ಬರೆದು ತರಬೇಕಂತೆ. ಮತ್ತೆ ಮರೆಯಬಾರದೆಂದು ಒಳಕೋಣೆಯಲ್ಲಿ ಗಟ್ಟಿಯಾಗಿ "ರಿ-ಸಿ-ಪ್ಟ್, ರಿ-ಸಿ-ಪ್ಟ್" ಎನ್ನುತ್ತ ಬರೆಯುತ್ತಿದ್ದಾನೆ. ಪಡಸಾಲೆಯಲ್ಲಿ ಕುಳಿತಿರುವ ನನ್ನ ತೋರುಬೆರಳು ಆಗಿನಿಂದ ತುರಿಸುತ್ತಿದೆ.